ಪೋಲಾಯಿತೇ ಪೌಲಸ್ ಪ್ರತಿಭೆ?

ಮಕ್ಕಳಲ್ಲಿ ಅಸಾಧಾರಣ ಪ್ರತಿಭೆಯೊಂದು ಕಾಣಿಸಿಕೊಂಡಾಗ ಅದನ್ನು ಯಾರ ಕೈಗೆ ಒಪ್ಪಿಸಬೇಕು ಎಂಬ ಚಿಂತೆ ಎಲ್ಲ ತಂದೆತಾಯಿಗಳನ್ನೂ ಕಾಡುವಂಥದು. ಒಪ್ಪಿಸಿದ ಮೇಲೆ ಎಣಿಸಿದಷ್ಟು ಫಲ ಬಾರದೆ ಹೋದರೆ ದೋಷ ಯಾರದು? ಮಗನದೇ, ಗುರುವಿನದೇ, ಇಲ್ಲವೇ ಎಣಿಸಿದವರದೇ? ಅಮೆರಿಕದ ಕಥೋಲಿಕ ಕ್ರೀಡಾಭಿಮಾನಿಗಳು ಒಬ್ಬ ಆಟಗಾರನ ವಿಷಯದಲ್ಲಿ ಮೂವತ್ತು ವರ್ಷಗಳಿಂದ ಈ ಪ್ರಶ್ನೆಯನ್ನು ಕೇಳುತ್ತ ಬಂದಿದ್ದಾರೆ. ಆಟಗಾರ ರಾನ್ ಪೌಲಸ್, ತರಬೇತುದಾರ ಲೂ ಹೋಲ್ಟ್ಸ್, ವಿದ್ಯಾಸಂಸ್ಥೆ ನೋಟ್ರೆ ಡೇಮ್ ವಿಶ್ವವಿದ್ಯಾನಿಲಯ. ಹೋಲ್ಟ್ಸ್ ಅವರು ಆ ಹುಡುಗನ ಪ್ರತಿಭೆಯನ್ನು ಹಾಳು ಮಾಡಿದರೆಂದು ಕೆಲವರ ಆರೋಪ. ಪ್ರತಿಭೆಯೇ ಅಷ್ಟಿರಲಿಲ್ಲ ಎಂಬುದು ಇನ್ನು ಕೆಲವರ ವಾದ.

ವಿಷಯಕ್ಕೆ ಬರುವ ಮುನ್ನ ಆ ಸಂಸ್ಥೆಯ ಬಗ್ಗೆ ಎರಡು ಮಾತು ಅಗತ್ಯ. ಅದನ್ನು ತಿಳಿಯದೆ ಒಬ್ಬ ಹದಿನೆಂಟರ ತರುಣನ ಹೆಗಲ ಮೇಲೆ ಏನು ಹೊರಿಸಲಾಯಿತೆಂಬುದು ಅರ್ಥವಾಗದು. ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ನಗರದ ಬಳಿ 1842ರಲ್ಲಿ ಪವಿತ್ರ ಶಿಲುಬೆಯ ಸಭೆಯ ಫ್ರೆಂಚ್ ಗುರು ವಂದನೀಯ ಎಡ್ವರ್ಡ್ ಸೊರಿನ್ ಅವರು ಇದನ್ನು ಸ್ಥಾಪಿಸಿದರು. 'ನಮ್ಮ ಮಾತೆ' ಎಂಬುದು ಹೆಸರಿನ ಅರ್ಥ. ಇದೇ ಸಭೆಯವರು ಬಾಂಗ್ಲಾದೇಶದ ಢಾಕಾದಲ್ಲಿಯೂ ಇದೇ ಹೆಸರಿನ ಕಾಲೇಜನ್ನು ನಡೆಸುತ್ತಿದ್ದಾರೆ. ಮುಖ್ಯ ಕಟ್ಟಡದ ಚಿನ್ನದ ಗುಮ್ಮಟದ ಮೇಲೆ ಮಾತೆ ಮರಿಯಮ್ಮನವರ ಪ್ರತಿಮೆ ನಿಂತಿದೆ. ಆವರಣದಲ್ಲಿ 1896ರಲ್ಲಿ ಕಟ್ಟಿದ ಲೂರ್ದು ಮಾತೆಯ ಗವಿಯಿದ್ದು, ಪಂದ್ಯದ ದಿನ ಅಲ್ಲಿ ಮೇಣದಬತ್ತಿ ಹಚ್ಚಲು ಸಾಲು ನಿಲ್ಲುವವರು ಅನೇಕರು. ಗ್ರಂಥಾಲಯದ ಗೋಡೆಯ ಮೇಲೆ 1964ರಲ್ಲಿ ರಚಿಸಲಾದ ಬೃಹತ್ ಚಿತ್ರದಲ್ಲಿ ಯೇಸುಸ್ವಾಮಿ ಎರಡೂ ಕೈಗಳನ್ನೆತ್ತಿ ನಿಂತಿದ್ದಾರೆ. ಅಂಕ ಗಳಿಸಿದಾಗ ಆಟದ ತೀರ್ಪುಗಾರನೂ ಹೀಗೆಯೇ ಕೈ ಎತ್ತುವುದರಿಂದ ಜನ ಆ ಚಿತ್ರಕ್ಕೆ 'ಟಚ್‌ಡೌನ್ ಜೀಸಸ್' ಎಂದು ಹೆಸರಿಟ್ಟಿದ್ದಾರೆ. ನಮ್ಮ ಕಿವಿಗೆ ಇದು ಕೊಂಚ ಒರಟಾಗಿ ಕೇಳಿಸಬಹುದು. ಅಲ್ಲಿಯವರು ಪ್ರೀತಿಯಿಂದಲೇ ಹಾಗೆನ್ನುತ್ತಾರೆ.

ಇದು ಬರಿಯ ಆಟದ ಹುಚ್ಚಲ್ಲ. ಐರ್ಲೆಂಡ್, ಇಟಲಿ, ಪೋಲೆಂಡ್ ಮುಂತಾದ ದೇಶಗಳಿಂದ ವಲಸೆ ಬಂದ ಬಡ ಕಥೋಲಿಕರನ್ನು ಅಮೆರಿಕದ ಬಹುಸಂಖ್ಯಾತ ಸಮಾಜ ಅನುಮಾನದಿಂದ ಕಾಣುತ್ತಿದ್ದ ಕಾಲವೊಂದಿತ್ತು. 1920ರ ದಶಕದಲ್ಲಿ ಇಂಡಿಯಾನಾ ರಾಜ್ಯವೇ ಕು ಕ್ಲಕ್ಸ್ ಕ್ಲಾನ್ ಎಂಬ ದ್ವೇಷಸಂಘಟನೆಯ ಭದ್ರಕೋಟೆಯಾಗಿತ್ತು. 1924ರ ಮೇ ತಿಂಗಳಲ್ಲಿ ಸೌತ್ ಬೆಂಡ್‌ನ ಬೀದಿಗಳಲ್ಲಿ ಆ ಗುಂಪಿಗೂ ನೋಟ್ರೆ ಡೇಮ್ ವಿದ್ಯಾರ್ಥಿಗಳಿಗೂ ಘರ್ಷಣೆ ನಡೆಯಿತು. ಅದೇ ವರ್ಷ ನೂಟ್ ರಾಕ್ನಿ ಅವರ ತರಬೇತಿಯಲ್ಲಿ ವಿಶ್ವವಿದ್ಯಾನಿಲಯದ ತಂಡ ಒಂದೂ ಪಂದ್ಯ ಸೋಲದೆ ರಾಷ್ಟ್ರದ ಅಗ್ರಸ್ಥಾನಕ್ಕೇರಿತು. ಕಾಲೇಜಿನ ಮೆಟ್ಟಿಲನ್ನೇ ತುಳಿಯದ ಗಣಿ ಕಾರ್ಮಿಕರು, ಗಾಡಿ ಹೊಡೆಯುವವರು, ಅಡುಗೆ ಮನೆಯ ಹೆಣ್ಣುಮಕ್ಕಳು ಆ ತಂಡವನ್ನು ತಮ್ಮದೆಂದರು. ತಂದೆಯಿಂದ ಮಗನಿಗೆ ಈ ಅಭಿಮಾನ ಆಸ್ತಿಯಂತೆ ಇಳಿದು ಬಂತು. ಆ ತಂಡದ ಕ್ವಾರ್ಟರ್‌ಬ್ಯಾಕ್ ಆಗುವುದೆಂದರೆ ಇಷ್ಟು ಕುಟುಂಬಗಳ ಅಭಿಮಾನವನ್ನು ಹೊತ್ತು ನಿಲ್ಲುವುದು.

ಅಮೆರಿಕದ ಫುಟ್‌ಬಾಲ್ ನಾವು ಆಡುವ ಕಾಲ್ಚೆಂಡಲ್ಲ. ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಎದುರಾಳಿಯ ಗಡಿಯವರೆಗೆ ಒಯ್ಯುವ ಆಟ. ತಂಡಕ್ಕೆ ಹನ್ನೊಂದು ಮಂದಿ. ನಾಲ್ಕು ಪ್ರಯತ್ನಗಳೊಳಗೆ ಹತ್ತು ಗಜ ಮುಂದೆ ಸಾಗಬೇಕು, ಇಲ್ಲವಾದರೆ ಚೆಂಡು ಎದುರಾಳಿಯ ಪಾಲು. ಪ್ರತಿ ಪ್ರಯತ್ನದಲ್ಲೂ ಚೆಂಡು ಮೊದಲು ಬರುವುದು ಕ್ವಾರ್ಟರ್‌ಬ್ಯಾಕ್ ಕೈಗೆ. ಆತ ಅದನ್ನು ಓಟಗಾರನಿಗೆ ಕೊಡಬಹುದು, ತಾನೇ ಹಿಡಿದು ಓಡಬಹುದು, ಅಥವಾ ದೂರದಲ್ಲಿ ಓಡುತ್ತಿರುವ ಜೊತೆಗಾರನಿಗೆ ಎಸೆಯಬಹುದು. ಕೆಲವು ತರಬೇತುದಾರರು ಓಟವನ್ನೇ ನಂಬುತ್ತಾರೆ, ಕೆಲವರು ಎಸೆತವನ್ನು. ನಮ್ಮ ತಕರಾರಿನ ಬೇರು ಈ ಒಂದು ಭೇದದಲ್ಲಿದೆ.

ರಾನ್ ಪೌಲಸ್ ಪೆನ್ಸಿಲ್ವೇನಿಯಾ ರಾಜ್ಯದ ಬರ್ವಿಕ್ ಎಂಬ ಪುಟ್ಟ ಊರಿನವರು. ಸಸ್ಕ್ವೆಹಾನಾ ನದಿಯ ದಂಡೆಯ, ಹತ್ತು ಸಾವಿರದ ಆಸುಪಾಸಿನ ಜನಸಂಖ್ಯೆಯ ಕಾರ್ಖಾನೆಗಳ ಊರು ಅದು. ಅಲ್ಲಿಯ ಪ್ರೌಢಶಾಲೆಯ ತರಬೇತುದಾರ ಜಾರ್ಜ್ ಕರಿ ಆ ರಾಜ್ಯದ ಪ್ರೌಢಶಾಲಾ ಫುಟ್‌ಬಾಲಿನಲ್ಲಿ ಅತಿ ಹೆಚ್ಚು ಗೆಲುವು ಕಂಡವರೆಂದು ಹೆಸರಾದವರು. 1992ರಲ್ಲಿ ಪೌಲಸ್ ಮುಂದಾಳುತನದಲ್ಲಿ ಶಾಲೆಯ ತಂಡ ಒಂದು ಪಂದ್ಯವನ್ನೂ ಸೋಲದೆ ರಾಜ್ಯದ ಚಾಂಪಿಯನ್ ಆಯಿತು. 'ಯುಎಸ್‌ಎ ಟುಡೇ' ಪತ್ರಿಕೆ ಇಡೀ ದೇಶದ ಶಾಲಾ ತಂಡಗಳಲ್ಲಿ ಅದಕ್ಕೆ ಮೊದಲ ಸ್ಥಾನ ಕೊಟ್ಟಿತು. ಎತ್ತರದ ನಿಲುವು, ನಿಂತಲ್ಲಿಂದಲೇ ಚೆಂಡನ್ನು ದೂರಕ್ಕೆ ನೇರವಾಗಿ ಕಳಿಸಬಲ್ಲ ತೋಳು ಆ ಹುಡುಗನವು. ದೇಶದ ವಿಶ್ವವಿದ್ಯಾನಿಲಯಗಳೆಲ್ಲ ಆತನಿಗಾಗಿ ಹಾತೊರೆದವು. ಆತ ಆರಿಸಿಕೊಂಡದ್ದು ನೋಟ್ರೆ ಡೇಮ್.

ಆಗ ಇಎಸ್‌ಪಿಎನ್ ವಾಹಿನಿಯ ಪ್ರಸಿದ್ಧ ವಿಮರ್ಶಕ ಬೀನೊ ಕುಕ್ ಒಂದು ಭವಿಷ್ಯ ನುಡಿದರು. ವರ್ಷದ ಶ್ರೇಷ್ಠ ಕಾಲೇಜು ಆಟಗಾರನಿಗೆ ಸಲ್ಲುವ ಹೈಸ್‌ಮನ್ ಪಾರಿತೋಷಕವನ್ನು ಈ ಹುಡುಗ ಎರಡು ಬಾರಿ ಗೆಲ್ಲುತ್ತಾನೆ ಎಂದರು. 1935ರಲ್ಲಿ ಆರಂಭವಾದ ಆ ಪಾರಿತೋಷಕವನ್ನು ಅದುವರೆಗೆ ಎರಡು ಸಲ ಗೆದ್ದವರು ಒಬ್ಬರೇ, ಓಹಾಯೊ ಸ್ಟೇಟ್‌ನ ಆರ್ಚಿ ಗ್ರಿಫಿನ್. ಕಾಲೇಜಿನಲ್ಲಿ ಒಂದು ಎಸೆತವನ್ನೂ ಎಸೆಯದ ಹುಡುಗನ ಬಗ್ಗೆ ಹೀಗೆಂದರೆ ಮುಂದೆ ಆತ ಮಾಡುವುದೆಲ್ಲ ಕಡಿಮೆಯೇ ಆಗುತ್ತದೆ. ಮಾತನಾಡಿದವರಿಗೆ ಅದರಿಂದ ನಷ್ಟವೇನೂ ಆಗಲಿಲ್ಲ.

ಇನ್ನು ತರಬೇತುದಾರರ ಸಂಗತಿ. ಲೂ ಹೋಲ್ಟ್ಸ್ ಸ್ವತಃ ಕಥೋಲಿಕರು, ಚುರುಕು ಮಾತಿನವರು, ಕಟ್ಟುನಿಟ್ಟಿನವರು. 1986ರಲ್ಲಿ ಅವರು ಬಂದಾಗ ತಂಡ ಸೊರಗಿತ್ತು. ಅವರಿಗಿಂತ ಮೊದಲು ಐದು ವರ್ಷ ತರಬೇತಿ ಕೊಟ್ಟ ಜೆರಿ ಫಾಸ್ಟ್ ಅವರ ಕಥೆಯೂ ಇಲ್ಲಿ ನೆನೆಯತಕ್ಕದ್ದು. ಸಿನ್ಸಿನಾಟಿಯ ಮೊಲ್ಲರ್ ಎಂಬ ಕಥೋಲಿಕ ಪ್ರೌಢಶಾಲೆಯನ್ನು ದೇಶಕ್ಕೇ ಹೆಸರಾಗಿಸಿದ ಅವರನ್ನು ನೇರವಾಗಿ ಇಲ್ಲಿಗೆ ಕರೆತಂದು ಕೂರಿಸಿದ್ದರು. ಮೂವತ್ತು ಗೆಲುವು, ಇಪ್ಪತ್ತಾರು ಸೋಲು, ಒಂದು ಸಮ ಪಂದ್ಯದೊಂದಿಗೆ ಅವರು 1985ರಲ್ಲಿ ರಾಜೀನಾಮೆ ಕೊಡಬೇಕಾಯಿತು. ಶಾಲೆಯಲ್ಲಿ ಅಜೇಯರಾದವರು ಮುಂದಿನ ಮೆಟ್ಟಿಲಲ್ಲೂ ಹಾಗೆಯೇ ಇರುತ್ತಾರೆಂಬ ಲೆಕ್ಕ ಎಷ್ಟು ತಪ್ಪಬಹುದೆಂದು ಈ ವಿಶ್ವವಿದ್ಯಾನಿಲಯಕ್ಕೆ ತಿಳಿದಿರಬೇಕಿತ್ತು.

ಹೋಲ್ಟ್ಸ್ ತಂಡವನ್ನು ಮತ್ತೆ ಎತ್ತಿ ನಿಲ್ಲಿಸಿದರು. 1987ರಲ್ಲಿ ಅವರ ಕೈಕೆಳಗೆ ಟಿಮ್ ಬ್ರೌನ್ ಹೈಸ್‌ಮನ್ ಗೆದ್ದರು. 1988ರಲ್ಲಿ ತಂಡ ಹನ್ನೆರಡಕ್ಕೆ ಹನ್ನೆರಡೂ ಪಂದ್ಯ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ವರ್ಷದ ಕ್ವಾರ್ಟರ್‌ಬ್ಯಾಕ್ ಟೋನಿ ರೈಸ್ ಎಸೆತಕ್ಕಿಂತ ಓಟಕ್ಕೆ ಹೆಸರಾದವರು. ಹೋಲ್ಟ್ಸ್ ಅವರ ನೆಚ್ಚಿನ ತಂತ್ರವಾದ 'ಆಪ್ಷನ್' ಆಟಕ್ಕೆ ಅಂಥವರೇ ಬೇಕು: ಚೆಂಡು ಹಿಡಿದು ಪಕ್ಕಕ್ಕೆ ಓಡುತ್ತ, ಎದುರಾಳಿ ಯಾರ ಮೇಲೆ ಎರಗುತ್ತಾನೆಂದು ನೋಡಿ, ತಾನೇ ಮುನ್ನುಗ್ಗುವುದೋ ಪಕ್ಕದವನಿಗೆ ದಾಟಿಸುವುದೋ ಎಂದು ಆ ಕ್ಷಣದಲ್ಲಿ ನಿರ್ಧರಿಸಬಲ್ಲವರು. ಪೌಲಸ್ ಆ ಜಾತಿಯ ಆಟಗಾರರಲ್ಲ. ಅವರದು ಹಿಂದೆ ಸರಿದು, ಮುಂದಿನ ಗೋಡೆಯಂಥ ಜೊತೆಗಾರರ ರಕ್ಷಣೆಯಲ್ಲಿ ನಿಂತು, ಮೈದಾನವನ್ನು ಅಳೆದು ನೋಡಿ ಎಸೆಯುವ ಆಟ. ಆರೋಪದ ಮೊದಲ ಅಂಶ ಇದು: ಓಟದ ತಂತ್ರವನ್ನು ನಂಬಿದವರು ಎಸೆತಗಾರನನ್ನು ಕರೆತಂದದ್ದೇಕೆ? ತಂದ ಮೇಲೆ ತಂತ್ರವನ್ನು ಬದಲಿಸಲಿಲ್ಲವೇಕೆ?

ಆರೋಪಿಸುವವರು ಒಂದು ಸಂಗತಿಯನ್ನು ಮರೆಯುತ್ತಾರೆ. ಪೌಲಸ್ ಬರುವ ಹಿಂದಿನ ಮೂರು ಋತುಗಳಲ್ಲಿ ಇದೇ ಹೋಲ್ಟ್ಸ್ ಅವರ ಕ್ವಾರ್ಟರ್‌ಬ್ಯಾಕ್ ಆಗಿದ್ದವರು ರಿಕ್ ಮೈರರ್. ಅವರು ಒಳ್ಳೆಯ ಎಸೆತಗಾರರು. 1993ರ ವೃತ್ತಿಪರ ಲೀಗಿನ ಆಯ್ಕೆಯಲ್ಲಿ ಇಡೀ ದೇಶದಲ್ಲಿ ಎರಡನೆಯವರಾಗಿ ಆರಿಸಲ್ಪಟ್ಟರು. ಓಟದ ತಂತ್ರದೊಳಗೂ ಎಸೆತಕ್ಕೆ ಸ್ಥಳವಿತ್ತೆಂಬುದಕ್ಕೆ ಇದು ಸಾಕ್ಷಿ. ಪೌಲಸ್ ಕುಟುಂಬ ಕಣ್ಣು ಮುಚ್ಚಿಕೊಂಡು ಮಗನನ್ನು ಅಲ್ಲಿಗೆ ಕಳಿಸಿತೆನ್ನಲಾಗದು.

1993ರ ಆಗಸ್ಟ್. ಮೈರರ್ ಹೋಗಿದ್ದರು. ಹೊಸದಾಗಿ ಸೇರಿದ ಪೌಲಸ್ ಅವರನ್ನೇ ಮೊದಲ ಪಂದ್ಯದಿಂದ ಆಡಿಸುವ ಮಾತು ಜೋರಾಗಿತ್ತು. ಋತು ಆರಂಭವಾಗುವ ಮುನ್ನ ನಡೆದ ಅಭ್ಯಾಸ ಪಂದ್ಯದಲ್ಲಿ ತಮ್ಮದೇ ತಂಡದ ರಕ್ಷಣಾ ಆಟಗಾರರ ಹೊಡೆತಕ್ಕೆ ಸಿಕ್ಕಿ ಅವರ ಕೊರಳೆಲುಬು ಮುರಿಯಿತು. ವಾಸಿಯಾಗುತ್ತಿದ್ದ ಅದೇ ಎಲುಬು ಆ ಋತುವಿನಲ್ಲೇ ಮತ್ತೊಮ್ಮೆ ಮುರಿಯಿತು. ಇಡೀ ವರ್ಷ ಅವರು ಆಡಲಿಲ್ಲ. ಹೋಲ್ಟ್ಸ್ ಅವರ ಮೇಲಿನ ದೂರುಗಳಲ್ಲಿ ನನಗೆ ಅತ್ಯಂತ ಗಂಭೀರವಾಗಿ ತೋರುವುದು ಇದೇ. ಆದರೆ ಇದನ್ನು ಯಾರೂ ಹೆಚ್ಚು ಎತ್ತಿ ಹೇಳುವುದಿಲ್ಲ. ಶಾಲೆಯಿಂದ ಆಗಷ್ಟೇ ಬಂದ ಹುಡುಗನನ್ನು, ಇನ್ನು ಕೆಲವೇ ತಿಂಗಳಲ್ಲಿ ವೃತ್ತಿಪರ ಲೀಗಿಗೆ ಹೋಗಲಿದ್ದ ಬಲಿಷ್ಠರಿದ್ದ ರಕ್ಷಣಾ ಪಡೆಯ ಎದುರು ಪೂರ್ಣ ಹೊಡೆತಕ್ಕೆ ಒಡ್ಡುವ ಅವಸರವೇನಿತ್ತು? ನಾಲ್ಕು ವರ್ಷಗಳ ಕಾಲ ಎಸೆಯಬೇಕಿದ್ದವನ ದೇಹವನ್ನು ಒಂದು ಮಧ್ಯಾಹ್ನದ ಅಭ್ಯಾಸಕ್ಕಾಗಿ ಪಣಕ್ಕಿಟ್ಟಂತಾಯಿತು.

ಆ ವರ್ಷ ಆಡಿದವರು ಕೆವಿನ್ ಮೆಕ್‌ಡೂಗಲ್. ಮೈರರ್ ಅವರ ನೆರಳಿನಲ್ಲಿ ವರ್ಷಗಟ್ಟಲೆ ಕಾದು ಕುಳಿತಿದ್ದ ಹಿರಿಯ ವಿದ್ಯಾರ್ಥಿ. ಅವರ ಬಗ್ಗೆ ಯಾರೂ ಭವಿಷ್ಯ ನುಡಿದಿರಲಿಲ್ಲ. ನವೆಂಬರ್ 13ರಂದು ಅಗ್ರಸ್ಥಾನದಲ್ಲಿದ್ದ ಫ್ಲಾರಿಡಾ ಸ್ಟೇಟ್ ತಂಡವನ್ನು 31-24ರಿಂದ ಸೋಲಿಸಿದ ನೋಟ್ರೆ ಡೇಮ್, ಮರುವಾರವೇ ಬಾಸ್ಟನ್ ಕಾಲೇಜಿನೆದುರು ಕೊನೆಯ ಗಳಿಗೆಯ ಒದೆತದಲ್ಲಿ 41-39ರಿಂದ ಸೋತಿತು. ನಮ್ಮ ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯನ್ನು ನಡೆಸುವ ಯೇಸುಸಭೆಯವರದೇ ಆ ಬಾಸ್ಟನ್ ಕಾಲೇಜು. ಒಂದು ಕಥೋಲಿಕ ವಿದ್ಯಾಸಂಸ್ಥೆಯ ಚಾಂಪಿಯನ್ ಕನಸನ್ನು ಇನ್ನೊಂದು ಕಥೋಲಿಕ ವಿದ್ಯಾಸಂಸ್ಥೆ ಒಡೆಯಿತು. ಹನ್ನೊಂದು ಗೆಲುವು, ಒಂದು ಸೋಲು, ದೇಶದಲ್ಲಿ ಎರಡನೆಯ ಸ್ಥಾನ. ಹೊಗಳಿಕೆಯಿಲ್ಲದ ಆಟಗಾರನೇ ಇಷ್ಟು ಮಾಡಿದರೆ ಹೊಗಳಿಸಿಕೊಂಡವನು ಎಷ್ಟು ಮಾಡಬೇಕೆಂದು ಜನ ಲೆಕ್ಕ ಹಾಕತೊಡಗಿದರು.

1994ರ ಸೆಪ್ಟೆಂಬರ್ 3ರಂದು ಶಿಕಾಗೋದ ಸೋಲ್ಜರ್ ಫೀಲ್ಡ್‌ನಲ್ಲಿ ನಾರ್ತ್‌ವೆಸ್ಟರ್ನ್ ವಿರುದ್ಧ ಪೌಲಸ್ ಕೊನೆಗೂ ಕಣಕ್ಕಿಳಿದರು. 24 ಎಸೆತಗಳಲ್ಲಿ 18 ಗುರಿ ಮುಟ್ಟಿದವು. ನಾಲ್ಕು ಟಚ್‌ಡೌನ್, 42-15ರ ಗೆಲುವು. ಕುಕ್ ಅವರ ಭವಿಷ್ಯ ನಿಜವಾಗತೊಡಗಿತೆಂದು ಅಭಿಮಾನಿಗಳು ಕುಣಿದರು. ಮುಂದಿನ ಶನಿವಾರ ಮಿಷಿಗನ್ ವಿರುದ್ಧ, ಆಟ ಮುಗಿಯಲು ಒಂದು ನಿಮಿಷಕ್ಕೂ ಕಡಿಮೆ ಉಳಿದಿದ್ದಾಗ ಪೌಲಸ್ ಅವರು ಡೆರಿಕ್ ಮೇಯ್ಸ್ ಅವರಿಗೆ ಟಚ್‌ಡೌನ್ ಎಸೆತ ಎಸೆದು ತಂಡವನ್ನು ಮುಂದಕ್ಕೆ ತಂದರು. ಹತ್ತೊಂಬತ್ತು-ಇಪ್ಪತ್ತರ ಹುಡುಗನಿಂದ ಇನ್ನೇನು ಬೇಕು? ಆದರೆ ಉಳಿದ ಅಷ್ಟೇ ಹೊತ್ತಿನಲ್ಲಿ ಮಿಷಿಗನ್ ಚೆಂಡನ್ನು ಮುಂದೊಯ್ದು, ಎರಡೇ ಸೆಕೆಂಡು ಬಾಕಿಯಿರುವಾಗ ಒದೆತದಿಂದ ಮೂರು ಅಂಕ ಗಳಿಸಿ 26-24ರಿಂದ ಗೆದ್ದಿತು. ಆ ಸೋಲಿನಲ್ಲಿ ಪೌಲಸ್ ಅವರ ಪಾಲು ಏನೂ ಇರಲಿಲ್ಲ. ಹಾಗಿದ್ದೂ ಆ ವರ್ಷದ ಒಟ್ಟು ಲೆಕ್ಕ ಆರು ಗೆಲುವು, ಐದು ಸೋಲು, ಒಂದು ಸಮ ಎಂದು ಮುಗಿದಾಗ ಜನರ ಬೆರಳು ತಿರುಗಿದ್ದು ಇಬ್ಬರ ಕಡೆಗೆ: ಎಸೆದವನು ಮತ್ತು ಎಸೆಯಿಸಿದವರು.

ಬೇರೆಯವರ ಕಡೆ ನೋಡಿದವರು ಕಡಿಮೆ. 1993ರ ತಂಡದಿಂದ ಆರನ್ ಟೇಲರ್, ಬ್ರಯಂಟ್ ಯಂಗ್, ಜೆಫ್ ಬರಿಸ್ ಮೂವರೂ 1994ರ ವೃತ್ತಿಪರ ಆಯ್ಕೆಯ ಮೊದಲ ಸುತ್ತಿನಲ್ಲೇ ಹೋದರು. ಟಿಮ್ ರಡಿ ಎರಡನೆಯ ಸುತ್ತಿನಲ್ಲಿ ಹೋದರು. ಟೇಲರ್ ಮತ್ತು ರಡಿ ಕ್ವಾರ್ಟರ್‌ಬ್ಯಾಕ್ ಮುಂದೆ ನಿಲ್ಲುವ ಗೋಡೆಯವರು, ಉಳಿದಿಬ್ಬರು ರಕ್ಷಣಾ ಪಡೆಯ ಆಧಾರಸ್ತಂಭಗಳು. ಗೋಡೆಯೇ ಹೊಸದಾದಾಗ ಹಿಂದೆ ನಿಂತು ಎಸೆಯುವವನಿಗೆ ಸಮಯ ಸಿಗುವುದಿಲ್ಲ. ಮೆಕ್‌ಡೂಗಲ್ ಅವರಿಗೆ ಇದ್ದ ತಂಡ ಪೌಲಸ್ ಅವರಿಗೆ ಇರಲಿಲ್ಲ ಎಂಬಷ್ಟು ಸರಳ ಸತ್ಯವನ್ನು ಆಗಿನ ಚರ್ಚೆಗಳು ಗಣಿಸಲೇ ಇಲ್ಲ.

1995ರ ಮೊದಲ ಪಂದ್ಯದಲ್ಲಿ ಅದೇ ನಾರ್ತ್‌ವೆಸ್ಟರ್ನ್ 17-15ರಿಂದ ಗೆದ್ದು ಎಲ್ಲರನ್ನೂ ಬೆರಗುಗೊಳಿಸಿತು. ಅಂಕ ಸಮಗೊಳಿಸುವ ಪ್ರಯತ್ನದಲ್ಲಿ ಪೌಲಸ್ ಜೊತೆಗಾರನ ಕಾಲು ತಗುಲಿ ಎಡವಿ ಬಿದ್ದರು. ಅದೇ ತಿಂಗಳು ಹೋಲ್ಟ್ಸ್ ಅವರಿಗೆ ಕುತ್ತಿಗೆಯ ಭಾಗದ ಬೆನ್ನುಹುರಿಯ ಶಸ್ತ್ರಚಿಕಿತ್ಸೆಯಾಯಿತು. ನವೆಂಬರ್‌ನಲ್ಲಿ ನೌಕಾಪಡೆ ಅಕಾಡೆಮಿಯ ವಿರುದ್ಧದ ಪಂದ್ಯದಲ್ಲಿ ಪೌಲಸ್ ಅವರ ಎಡತೋಳಿನ ಮೂಳೆ ಮುರಿದು ಋತುವಿನ ಉಳಿದ ಪಂದ್ಯಗಳು ಕೈತಪ್ಪಿದವು. 1996ರಲ್ಲಿ ಎಂಟು ಗೆಲುವು, ಮೂರು ಸೋಲು. ಆ ನವೆಂಬರ್‌ನಲ್ಲಿ ಹೋಲ್ಟ್ಸ್ ರಾಜೀನಾಮೆ ಕೊಟ್ಟರು. ನೋಟ್ರೆ ಡೇಮ್‌ನಲ್ಲಿ ಅವರ ಗೆಲುವುಗಳು ಸರಿಯಾಗಿ ನೂರು. ರಾಕ್ನಿ ಅವರ ದಾಖಲೆ ನೂರೈದು.

ಈಗ ಅಂಕಿಗಳನ್ನು ಸ್ವಲ್ಪ ತಾಳ್ಮೆಯಿಂದ ನೋಡೋಣ, ಏಕೆಂದರೆ ಈ ವಾದದಲ್ಲಿ ದನಿ ಏರಿಸಿದವರು ಬಹಳ, ಲೆಕ್ಕ ನೋಡಿದವರು ವಿರಳ. ಪೌಲಸ್ 1994ರಲ್ಲಿ 222 ಎಸೆತಗಳಿಂದ 1,729 ಗಜ ಗಳಿಸಿದರು, 19 ಟಚ್‌ಡೌನ್. 1995ರಲ್ಲಿ 217 ಎಸೆತ, 1,853 ಗಜ, 12 ಟಚ್‌ಡೌನ್. 1996ರಲ್ಲಿ 232 ಎಸೆತ, 1,942 ಗಜ, ಮತ್ತೆ 12 ಟಚ್‌ಡೌನ್. ಅಂದರೆ ಪಂದ್ಯಕ್ಕೆ ಸರಾಸರಿ ಇಪ್ಪತ್ತು-ಇಪ್ಪತ್ತೆರಡು ಎಸೆತ. ಇದು ಕಡಿಮೆಯೇ. ಅದೇ 1996ರಲ್ಲಿ ಹೈಸ್‌ಮನ್ ಗೆದ್ದ ಫ್ಲಾರಿಡಾದ ಡ್ಯಾನಿ ವರ್ಫೆಲ್ 360 ಎಸೆತ ಎಸೆದು 3,625 ಗಜ, 39 ಟಚ್‌ಡೌನ್ ಗಳಿಸಿದ್ದರು. ಅವರ ತರಬೇತುದಾರ ಸ್ಟೀವ್ ಸ್ಪರಿಯರ್ ಎಸೆತವನ್ನೇ ಉಸಿರಾಡಿದವರು. ಪೌಲಸ್ ಅಲ್ಲಿದ್ದಿದ್ದರೆ ಎಂದು ನಿಟ್ಟುಸಿರು ಬಿಡುವವರ ಕೈಯಲ್ಲಿರುವ ಬಲವಾದ ಅಸ್ತ್ರ ಈ ಹೋಲಿಕೆ.

ಆದರೆ ಒಂದೊಂದು ಎಸೆತಕ್ಕೆ ಸಿಕ್ಕ ಫಲ ನೋಡಿ. ಹೋಲ್ಟ್ಸ್ ಅವರ ಕೈಕೆಳಗೆ ಪೌಲಸ್ ಗಳಿಸಿದ್ದು ಮೊದಲ ವರ್ಷ ಎಸೆತಕ್ಕೆ 7.8 ಗಜ, ಎರಡನೆಯ ವರ್ಷ 8.5, ಮೂರನೆಯ ವರ್ಷ 8.4. 1996ರಲ್ಲಿ ಎದುರಾಳಿಗಳ ಕೈಸೇರಿದ ಎಸೆತಗಳು ನಾಲ್ಕೇ. ಕೆಡುತ್ತ ಹೋದ ಆಟಗಾರನ ಲೆಕ್ಕ ಹೀಗಿರುವುದಿಲ್ಲ. ಓಟಕ್ಕೆ ಹೆದರಿ ಎದುರಾಳಿಗಳು ಮುಂದೆ ನುಗ್ಗಿ ನಿಂತಾಗ ಅವರ ತಲೆಯ ಮೇಲಿಂದ ಎಸೆಯುವುದು ಸುಲಭ. ಹೋಲ್ಟ್ಸ್ ಅವರ ತಂತ್ರ ಪೌಲಸ್ ಅವರಿಗೆ ಅಡ್ಡಿಯಾದಷ್ಟೇ ನೆರವೂ ಆಗಿತ್ತು. ಅವರು ಆ ತೋಳನ್ನು ಜಿಪುಣತನದಿಂದ ಬಳಸಿದರೆಂಬುದು ನಿಜ. ಕೆಡಿಸಿದರೆನ್ನಲು ಈ ಅಂಕಿಗಳಲ್ಲಿ ಆಧಾರ ಸಿಗುವುದಿಲ್ಲ.

ಇದನ್ನು ಪರೀಕ್ಷಿಸುವ ಅವಕಾಶವೂ ಒದಗಿತು. ಗಾಯದಿಂದ ಕಳೆದ ವರ್ಷದ ಬದಲಿಗೆ ಐದನೆಯ ವರ್ಷ ಆಡುವ ಹಕ್ಕು ಪೌಲಸ್ ಅವರಿಗಿತ್ತು. 1997ರಲ್ಲಿ ಹೊಸ ತರಬೇತುದಾರ ಬಾಬ್ ಡೇವಿ ಬಂದರು. ಕ್ರೀಡಾಂಗಣವನ್ನು ಎಂಬತ್ತು ಸಾವಿರ ಜನ ಕೂರುವಷ್ಟು ವಿಸ್ತರಿಸಲಾಗಿತ್ತು. ಪೌಲಸ್ ಅವರಿಗೆ ಹಿಂದೆಂದಿಗಿಂತ ಹೆಚ್ಚು, 298 ಎಸೆತಗಳ ಸ್ವಾತಂತ್ರ್ಯ ಸಿಕ್ಕಿತು. ಗುರಿ ಮುಟ್ಟಿದ ಎಸೆತಗಳ ಪ್ರಮಾಣ ನೂರಕ್ಕೆ 61ಕ್ಕೇರಿತು. ಆದರೆ ಎಸೆತಕ್ಕೆ ಸಿಕ್ಕಿದ್ದು 7 ಗಜ, ಟಚ್‌ಡೌನ್ ಒಂಬತ್ತೇ. ತಂಡದ ಗೆಲುವು ಏಳು, ಸೋಲು ಆರು. ಮರುವರ್ಷದ ವೃತ್ತಿಪರ ಆಯ್ಕೆಯಲ್ಲಿ ಪೇಟನ್ ಮ್ಯಾನಿಂಗ್ ಮೊದಲನೆಯವರಾಗಿ ಆರಿಸಲ್ಪಟ್ಟರು. ಏಳು ಸುತ್ತುಗಳೂ ಮುಗಿದರೂ ಪೌಲಸ್ ಅವರ ಹೆಸರನ್ನು ಯಾವ ತಂಡವೂ ಕೂಗಲಿಲ್ಲ.

ಸಂತ ಮತ್ತಾಯರ ಶುಭಸಂದೇಶದ ತಲಾಂತುಗಳ ಸಾಮತಿ ನಮಗೆಲ್ಲ ಪರಿಚಿತ. ಅಲ್ಲಿ ಹೆದರಿದ ಸೇವಕ ತಲಾಂತನ್ನು ನೆಲದಲ್ಲಿ ಹೂತಿಟ್ಟ. ಹೂತಿಟ್ಟರೂ ಅದು ಅಷ್ಟೇ ಇತ್ತು, ಅಗೆದಾಗ ಮರಳಿ ಸಿಕ್ಕಿತು. ಹೋಲ್ಟ್ಸ್ ಹೂತಿಟ್ಟರೆಂದೇ ಇಟ್ಟುಕೊಂಡರೆ ಆಮೇಲೆ ಬಂದವರು ಅಗೆದಾಗ ಅದು ಸಿಗಬೇಕಿತ್ತು. ಇದೇ ವಿಶ್ವವಿದ್ಯಾನಿಲಯದ ಜೋ ಮೊಂಟಾನ ಅವರ ವಿಷಯದಲ್ಲಿ ಹಾಗೆಯೇ ಆಯಿತು. 1977ರ ಋತುವಿನ ಆರಂಭದಲ್ಲಿ ತರಬೇತುದಾರ ಡ್ಯಾನ್ ಡಿವೈನ್ ಅವರನ್ನು ಮೂರನೆಯ ಆಯ್ಕೆಯಾಗಿ ಕೂರಿಸಿದ್ದರು. ಪರ್ಡ್ಯೂ ವಿರುದ್ಧ ಸೋಲುವ ಹಂತದಲ್ಲಿ ಒಳಗೆ ಬಂದು ಗೆಲ್ಲಿಸಿದ ಮೇಲೆಯೇ ಅವರಿಗೆ ಸ್ಥಾನ ಸಿಕ್ಕಿತು, ಆ ವರ್ಷ ತಂಡ ಚಾಂಪಿಯನ್ ಆಯಿತು. ವೃತ್ತಿಪರ ಆಯ್ಕೆಯಲ್ಲಿ ಮೂರನೆಯ ಸುತ್ತಿನವರೆಗೆ ಕಾದ ಮೊಂಟಾನ, ಬಿಲ್ ವಾಲ್ಶ್ ಅವರ ಕೈಗೆ ಸಿಕ್ಕಿ ಅರಳಿದರು. ಸ್ಯಾನ್ ಫ್ರಾನ್ಸಿಸ್ಕೊ ತಂಡಕ್ಕೆ ನಾಲ್ಕು ಸೂಪರ್ ಬೌಲ್‌ಗಳನ್ನು ಗೆದ್ದುಕೊಟ್ಟರು. ಡಿವೈನ್ ಅವರ ಕಣ್ಣಿಗೆ ಬೀಳದ್ದು ವಾಲ್ಶ್ ಅವರಿಗೆ ಕಂಡಿತು. ಪೌಲಸ್ ಅವರಲ್ಲಿ ಹೋಲ್ಟ್ಸ್ ಅವರಿಗೆ ಕಾಣದ್ದು ಬೇರೆ ಯಾರಿಗೂ ಕಾಣಿಸಲಿಲ್ಲ. ಹದಿನೆಂಟರಿಂದ ಇಪ್ಪತ್ತೆರಡರವರೆಗಿನ ವಯಸ್ಸಿನಲ್ಲಿ ಕಲಿಯದ್ದನ್ನು ಆಮೇಲೆ ಕಲಿಯುವುದು ಕಷ್ಟ, ಎರಡು ಸಲ ಮುರಿದ ಎಲುಬೂ ತನ್ನ ಲೆಕ್ಕ ಕೇಳುತ್ತದೆ ಎಂಬ ಪ್ರತಿವಾದವನ್ನು ನಾನು ತಳ್ಳಿಹಾಕಲಾರೆ. ಅದು ಸಂಶಯಕ್ಕೆ ಎಡೆ ಮಾಡುತ್ತದೆ, ತಪ್ಪಿತಸ್ಥರೆಂದು ತೀರ್ಪು ಕೊಡಲು ಸಾಲದು.

ಹಾಗಾದರೆ ಅನ್ಯಾಯವೇ ಆಗಲಿಲ್ಲವೇ? ಆಗಿದೆ. ಅದು ನಡೆದದ್ದು ಮೈದಾನದ ಹೊರಗೆ. 1991ರಿಂದ ಎನ್‌ಬಿಸಿ ವಾಹಿನಿ ನೋಟ್ರೆ ಡೇಮ್‌ನ ತವರು ಪಂದ್ಯಗಳನ್ನೆಲ್ಲ ದೇಶಾದ್ಯಂತ ಪ್ರಸಾರ ಮಾಡುತ್ತಿತ್ತು. ಒಂದೇ ವಿಶ್ವವಿದ್ಯಾನಿಲಯಕ್ಕೆ ಇಂಥ ಒಪ್ಪಂದ ಹಿಂದೆಂದೂ ಇರಲಿಲ್ಲ. ಪ್ರತಿ ಶನಿವಾರ ತೋರಿಸಲು ಒಬ್ಬ ನಾಯಕ ಬೇಕಿತ್ತು. ವಾಹಿನಿಗೆ ಬೇಕಿತ್ತು, ಪತ್ರಿಕೆಗಳಿಗೆ ಬೇಕಿತ್ತು, ಹಳೆಯ ವಿದ್ಯಾರ್ಥಿಗಳಿಗೆ ಬೇಕಿತ್ತು. ವಿಶ್ವವಿದ್ಯಾನಿಲಯಕ್ಕೂ ಆ ಹೆಸರಿನಿಂದ ಲಾಭವಿತ್ತು. ಪೌಲಸ್ ಅವರಿಗೆ ಸಿಕ್ಕಿದ್ದು ವಿದ್ಯಾರ್ಥಿವೇತನ, ಊಟ, ವಸತಿ. ಆಗಿನ ನಿಯಮದಂತೆ ಕಾಲೇಜು ಆಟಗಾರ ತನ್ನ ಹೆಸರಿನಿಂದ ಒಂದು ಡಾಲರನ್ನೂ ಗಳಿಸುವಂತಿರಲಿಲ್ಲ. ಆ ನಿರ್ಬಂಧ ಸಡಿಲವಾದದ್ದು 2021ರಲ್ಲಿ. ಬೇರೆ ವಿಶ್ವವಿದ್ಯಾನಿಲಯಕ್ಕೆ ಹೋಗಬೇಕೆಂದಿದ್ದರೆ ಒಂದು ವರ್ಷ ಆಡದೆ ಕೂರಬೇಕಿತ್ತು. ಆಗಲೇ ಒಂದು ವರ್ಷ ಗಾಯಕ್ಕೆ ತೆತ್ತವನಿಗೆ ಅದು ಬಾಗಿಲು ಮುಚ್ಚಿದಂತೆಯೇ. 2021ರಿಂದ ಆ ನಿಯಮವೂ ಸಡಿಲಗೊಂಡಿದೆ. ತಂತ್ರ ಹೊಂದದಿದ್ದರೆ ಹುಡುಗರು ಮರುವರ್ಷವೇ ಬೇರೆ ಗುರುವನ್ನು ಹುಡುಕಿ ಹೋಗುತ್ತಾರೆ. ಅದರ ಒಳಿತು ಕೆಡುಕು ಬೇರೆ ಚರ್ಚೆ. 1994ರ ಹುಡುಗನಿಗಂತೂ ಆ ಆಯ್ಕೆ ಇರಲಿಲ್ಲ. ಆಡಿಸುವವರ ಮರ್ಜಿಯನ್ನೂ ಹೊಗಳುವವರ ಮರ್ಜಿಯನ್ನೂ ಆತ ಒಟ್ಟಿಗೆ ತಾಳಿಕೊಳ್ಳಬೇಕಿತ್ತು.

ಪೌಲಸ್ ವಿಶ್ವವಿದ್ಯಾನಿಲಯ ಬಿಟ್ಟಾಗ ಅವರ ಹೆಸರಿನಲ್ಲಿದ್ದುದು 7,602 ಗಜ, 52 ಟಚ್‌ಡೌನ್ ಎಸೆತಗಳು. ಎರಡೂ ಆಗ ನೋಟ್ರೆ ಡೇಮ್‌ನ ದಾಖಲೆಗಳು. ಮುಂದೆ ಬ್ರೇಡಿ ಕ್ವಿನ್ ಅವನ್ನು ಮುರಿದರು. ಮೊಂಟಾನ, ಥೈಸ್‌ಮನ್, ಮೈರರ್ ಎಲ್ಲರೂ ಎಸೆದು ಹೋದ ಮೈದಾನದಲ್ಲಿ ಅವರೆಲ್ಲರಿಗಿಂತ ಹೆಚ್ಚು ಗಳಿಸಿದವರನ್ನು 'ನಿರಾಸೆ' ಎಂದು ಕರೆದ ಚರಿತ್ರೆ ಇದು. ಕುಕ್ ಅವರ ಆ ಒಂದು ಮಾತು ಇಲ್ಲದಿದ್ದರೆ ಇದೇ ಅಂಕಿಗಳನ್ನಿಟ್ಟುಕೊಂಡು ಜನ ಅವರನ್ನು ಯಶಸ್ವಿ ಎನ್ನುತ್ತಿದ್ದರು, ಹೋಲ್ಟ್ಸ್ ಅವರ ಮೇಲೆ ಈ ಮೊಕದ್ದಮೆಯೂ ಇರುತ್ತಿರಲಿಲ್ಲ.

ಪೌಲಸ್ ಅವರು ವಿಶ್ವವಿದ್ಯಾನಿಲಯವನ್ನಾಗಲೀ ಗುರುವನ್ನಾಗಲೀ ದೂರುತ್ತ ಕಾಲ ಕಳೆಯಲಿಲ್ಲ. 2007ರಲ್ಲಿ ಅವರು ನೋಟ್ರೆ ಡೇಮ್‌ನಲ್ಲಿ ಕ್ವಾರ್ಟರ್‌ಬ್ಯಾಕ್‌ಗಳ ತರಬೇತುದಾರರಾದರು. ಆ ವರ್ಷ ಅವರ ಕೈಗೆ ಒಪ್ಪಿಸಲ್ಪಟ್ಟ ಹೊಸ ಹುಡುಗ ಕ್ಯಾಲಿಫೋರ್ನಿಯಾದ ಜಿಮ್ಮಿ ಕ್ಲಾಸನ್. ದೇಶದ ಪ್ರೌಢಶಾಲಾ ಎಸೆತಗಾರರಲ್ಲಿ ಅತಿ ಹೆಚ್ಚು ಹೊಗಳಿಸಿಕೊಂಡು ಬಂದವನು. ತಾನು ನೋಟ್ರೆ ಡೇಮ್ ಸೇರುವುದಾಗಿ ಘೋಷಿಸಲು ಆತ ಹಿಂದಿನ ವರ್ಷ ಸೌತ್ ಬೆಂಡ್‌ಗೆ ಉದ್ದನೆಯ ಐಷಾರಾಮಿ ಕಾರಿನಲ್ಲಿ ಬಂದಿಳಿದಿದ್ದ, ಪತ್ರಕರ್ತರು ಸುತ್ತುವರಿದಿದ್ದರು. ಅವನ ಮೊದಲ ಋತುವಿನಲ್ಲಿ ತಂಡ ಮೂರು ಪಂದ್ಯ ಗೆದ್ದು ಒಂಬತ್ತು ಸೋತಿತು. ಕ್ಲಾಸನ್ ಅಲ್ಲಿ ಮೂರು ವರ್ಷ ಆಡಿದ. ಆ ಮೂರೂ ವರ್ಷ ಅವನಿಗೆ ತರಬೇತಿ ಕೊಟ್ಟವರು ಪೌಲಸ್ ಅವರೇ.